ದಿನ ತುಂಬಿದ ನಾಯಿಗೆ ಒಂದು ಮೂಲೆ

ಹೆರಿಗೆ ಹತ್ತಿರವಾದ ಬೀದಿನಾಯಿ ಮನುಷ್ಯರಿಂದ ದೂರ ಹೋಗುವುದಿಲ್ಲ. ಪಕ್ಕದಲ್ಲೇ ಬೇಲಿಸಾಲು, ಪಾಳುಬಿದ್ದ ಹೊಲ ಇದ್ದರೂ ಅದು ಹುಡುಕುವುದು ಮನೆಯ ಮೆಟ್ಟಿಲ ಕೆಳಗಿನ ಸಂದು, ಅಂಗಡಿಯ ಹಿಂದಿನ ಮೂಟೆಗಳ ಮರೆ, ವರ್ಷಗಳಿಂದ ನಿಂತಲ್ಲೇ ನಿಂತ ಹಳೆಯ ಕಾರಿನ ಅಡಿ, ಕಟ್ಟುತ್ತಿರುವ ಮನೆಯ ಮರಳಗುಡ್ಡೆ. ಕೋಲ್ಕತ್ತದ ಐಸರ್ ವಿಜ್ಞಾನ ಸಂಸ್ಥೆಯ ಸಂಶೋಧಕಿ ಅನಿಂದಿತಾ ಭದ್ರ ಮತ್ತು ಅವರ ತಂಡದವರು ಬೀದಿನಾಯಿಗಳ ಬದುಕನ್ನು ಬೀದಿಯಲ್ಲೇ ನಿಂತು ವರ್ಷಗಟ್ಟಲೆ ಗಮನಿಸಿದ್ದಾರೆ. ಮರಿ ಹಾಕಲು ತಾಯಿನಾಯಿಗಳು ಜನವಸತಿಗೆ ಹತ್ತಿರದ ಜಾಗವನ್ನೇ ಹೆಚ್ಚಾಗಿ ಆರಿಸಿಕೊಳ್ಳುತ್ತವೆ ಎಂದು ಅವರು ಕಂಡುಕೊಂಡರು. ಅದೇ ತಂಡ 2016ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ಐದು ವರ್ಷಗಳ ಕಾಲ ಹಿಂಬಾಲಿಸಿದ 364 ಮರಿಗಳ ಲೆಕ್ಕವಿದೆ. ಅವುಗಳಲ್ಲಿ ಬೆಳೆದು ಪ್ರಾಯಕ್ಕೆ ಬರುವವರೆಗೆ ಉಳಿದದ್ದು ಶೇ 19 ಮಾತ್ರ. ಸತ್ತವುಗಳಲ್ಲಿ ಶೇ 63ರಷ್ಟರ ಸಾವಿಗೆ ಒಂದಲ್ಲ ಒಂದು ರೀತಿಯಲ್ಲಿ ಮನುಷ್ಯರೇ ಕಾರಣರಾಗಿದ್ದರು.

ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಕರುಳು ಚುರ್ ಎನ್ನುತ್ತದೆ. ಮೈ ಭಾರವಾಗಿ, ಓಡಲಾರದೆ, ಕಚ್ಚಾಡಲಾರದೆ ಇರುವ ಹೊತ್ತಿನಲ್ಲಿ ಆ ಜೀವ ನಂಬುವುದು ನಮ್ಮನ್ನು. ಅದರ ಮಕ್ಕಳು ಹೆಚ್ಚಾಗಿ ಸಾಯುವುದೂ ನಮ್ಮಿಂದಲೇ. ನಂಬಿಕೆಯಂತೆ ನಂಬಿಕೆ, ಅನ್ನ ಸಿಗುತ್ತದೆಂದು ಬರುತ್ತದೆ ಅಷ್ಟೆ ಎನ್ನುವವರಿದ್ದಾರೆ. ಇರಬಹುದು. ಹೊಟ್ಟೆಪಾಡಿಗೆಂದು ಬಾಗಿಲಿಗೆ ಬಂದವರನ್ನು ಅಟ್ಟಬಹುದು ಎಂದು ನಮ್ಮ ಹಿರಿಯರು ಯಾರೂ ಹೇಳಿಕೊಟ್ಟಿಲ್ಲ.

ಹತ್ತನೆಯ ಶತಮಾನದಲ್ಲಿ ಹಂದಿಯೊಡನೆ ಕಾದಿ ಸತ್ತ ಕಾಳಿ ಎಂಬ ನಾಯಿಗೆ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದ ನಾಡು ನಮ್ಮದು. ಆ ಶಾಸನ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಶಾಲೆಯ ಮಕ್ಕಳೂ ಅದರ ಕತೆ ಬಲ್ಲರು. ನಮಗಾಗಿ ಹೋರಾಡಿದ ನಾಯಿಯನ್ನು ಗೌರವಿಸುವುದು ಕಷ್ಟವಲ್ಲ. ಯಾವ ಬೇಟೆಗೂ ಬಾರದ, ಯಾವ ಮನೆಯನ್ನೂ ಕಾಯದ, ಹೊಟ್ಟೆ ನೆಲಕ್ಕೆ ತಾಗುವಂತೆ ನಡೆದುಕೊಂಡು ಬಂದು ಗೇಟಿನ ಪಕ್ಕ ಮಲಗಿದ ಹೆಣ್ಣುನಾಯಿಯ ಮುಂದೆ ನಾವು ಏನು ಮಾಡುತ್ತೇವೆ ಎನ್ನುವುದು ಬೇರೆಯೇ ಪರೀಕ್ಷೆ. ಅಲ್ಲಿ ನಮಗೆ ಬರಬೇಕಾದ ಲಾಭವೇನೂ ಇಲ್ಲ.

ನಮ್ಮ ಬೀದಿಯ ಮಕ್ಕಳು ಕೆಂಪಿ ಎಂದು ಕರೆಯುವ ನಾಯಿ ಕಾರ್ತಿಕದ ಚಳಿಯಲ್ಲಿ ದಿನ ತುಂಬಿಕೊಂಡಿತ್ತು. ಕಾಂಪೌಂಡಿನ ಒಳಗೆ ನುಸುಳಿದರೆ ನೀರು ಎರಚುತ್ತಿದ್ದರು, ಶೆಡ್ಡಿಗೆ ಹೋದರೆ ಪೊರಕೆ ತೋರಿಸುತ್ತಿದ್ದರು. ಕೊನೆಗೆ ಅದು ಅರ್ಧ ಕಟ್ಟಿದ ಮನೆಯೊಂದರ ನೆಲಮಾಳಿಗೆಯಲ್ಲಿ ಎಂ-ಸ್ಯಾಂಡ್ ಗುಡ್ಡೆಯನ್ನು ಕೆದರತೊಡಗಿತು. ಮುಂಗಾಲಿನಿಂದ ಕೆದರುವುದು, ಒಂದು ಸುತ್ತು ತಿರುಗುವುದು, ಕೂರುವುದು, ಸರಿಹೋಗದೆ ಎದ್ದು ಮತ್ತೆ ಕೆದರುವುದು. ಮನೆಯ ಯಜಮಾನರು ಬಂದವರೇ ಅದನ್ನು ಓಡಿಸಲು ಹೇಳಿದರು. ಅಲ್ಲಿ ವಾಚ್‌ಮನ್ ಆಗಿದ್ದವರು ಯಾದಗಿರಿ ಕಡೆಯವರು, ಸಂಸಾರ ಸಮೇತ ಅಲ್ಲೇ ತಗಡಿನ ಶೆಡ್ಡಿನಲ್ಲಿ ಇದ್ದರು. ಅವರು ಕೈಯಲ್ಲಿದ್ದ ಪೈಪನ್ನು ಕೆಳಗಿಟ್ಟು, “ಇರ್ಲಿ ಬಿಡ್ರೀ ಯಜಮಾನ್ರ, ದಿನ ತುಂಬ್ಯಾವ. ಈಗ ಎಲ್ಲಿಗಿ ಹೋಗಬೇಕ್ರೀ ಅದು?” ಎಂದರು. ಯಜಮಾನರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕಂಬಿ ಬಿಗಿಯುವವರ ಕಡೆಗೆ ನಡೆದರು. ಆ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ಯಾರಲ್ಲೂ ಇಲ್ಲ.

ವಾಚ್‌ಮನ್ನರು ಆಮೇಲೆ ಮಾಡಿದ್ದು ತೀರಾ ಕಡಿಮೆ. ಒಂದು ಗೋಣಿಚೀಲವನ್ನು ಚೆನ್ನಾಗಿ ಒದರಿ ಮೂಲೆಯಲ್ಲಿ ಹಾಸಿದರು. ಎಣ್ಣೆಯ ಕ್ಯಾನನ್ನು ಅಡ್ಡ ಕತ್ತರಿಸಿ, ತೊಳೆದು, ನೀರು ತುಂಬಿಟ್ಟರು. ಗಾಳಿ ನುಗ್ಗುವ ಕಡೆ ಎರಡು ಸೆಂಟ್ರಿಂಗ್ ಹಲಗೆ ಒರಗಿಸಿದರು. ಮಕ್ಕಳು ಅತ್ತ ಸುಳಿಯದಂತೆ ಗದರಿದರು. ಅವರು ಅದರ ತಲೆ ಸವರಿದ್ದನ್ನಾಗಲೀ ಮುದ್ದಿನ ಮಾತಾಡಿದ್ದನ್ನಾಗಲೀ ನಾನು ನೋಡಲಿಲ್ಲ. ಆದರೆ ಬಸುರಿ ನಾಯಿಯ ಆರೈಕೆಯಲ್ಲಿ ಮುಕ್ಕಾಲು ಪಾಲು ಇಷ್ಟೇ: ಒಣಗಿದ, ಬೆಚ್ಚಗಿನ, ಯಾರೂ ಎಬ್ಬಿಸದ ಒಂದು ಮೂಲೆ, ಎಟುಕುವಷ್ಟು ಹತ್ತಿರದಲ್ಲಿ ನೀರು. ಉಳಿದ ಕಾಲು ಪಾಲಿಗೆ ಸ್ವಲ್ಪ ತಿಳಿವಳಿಕೆ ಬೇಕು.

ನಾಯಿಯ ಬಸಿರು ಸುಮಾರು 63 ದಿನದ್ದು. ಮರಿಗಳು ಬಹುಪಾಲು ಬೆಳೆಯುವುದು ಕೊನೆಯ ಮೂರು ವಾರಗಳಲ್ಲಿ. 45 ದಿನದ ಹೊತ್ತಿಗೆ ಎಳೆಯ ಮೂಳೆಗಳು ಗಟ್ಟಿಯಾಗತೊಡಗುತ್ತವೆ, ಕೊನೆಯ ವಾರದಲ್ಲಿ ಎಕ್ಸ್‌ರೇ ತೆಗೆದರೆ ಮರಿಗಳ ತಲೆ, ಬೆನ್ನೆಲುಬು ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತವೆ. ಇಷ್ಟೆಲ್ಲಾ ಬೆಳವಣಿಗೆಗೆ ಬೇಕಾದ ಕಸುವು ತಾಯಿಯ ಮೈಯಿಂದಲೇ ಬರಬೇಕು, ಆದರೆ ಹಿಗ್ಗಿದ ಗರ್ಭಕೋಶ ಜಠರವನ್ನು ಒತ್ತುವುದರಿಂದ ಒಂದೇ ಸಲ ಹೆಚ್ಚು ತಿನ್ನಲು ಆಗುವುದಿಲ್ಲ. ಅದಕ್ಕೇ ಕೊನೆಯ ದಿನಗಳಲ್ಲಿ ಒಟ್ಟು ಆಹಾರವನ್ನು ಕಾಲು ಭಾಗದಿಂದ ಅರ್ಧದಷ್ಟು ಹೆಚ್ಚಿಸಿ, ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪಸ್ವಲ್ಪವಾಗಿ ಕೊಡಬೇಕು. ಅನ್ನದ ಜೊತೆ ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಕೋಳಿಮಾಂಸ ಸಿಕ್ಕರೆ ಒಳ್ಳೆಯದು. ಬೆಂದ ಕೋಳಿಮೂಳೆ ಚೂಪಾಗಿ ಸೀಳುತ್ತದೆ, ಹಾಕಬಾರದು. ಈರುಳ್ಳಿ ಹಾಕಿದ ಪಲಾವ್, ಗೊಜ್ಜು ಮಿಕ್ಕಿತೆಂದು ಸುರಿಯುವುದೂ ಸಲ್ಲದು, ಈರುಳ್ಳಿ ನಾಯಿಯ ರಕ್ತವನ್ನು ಕೆಡಿಸುತ್ತದೆ. ದ್ರಾಕ್ಷಿ, ಚಾಕೊಲೇಟ್ ಕೂಡ ಅದಕ್ಕೆ ವಿಷವೇ. ಬಿಸ್ಕತ್ತಿನ ಪೊಟ್ಟಣ ಒಡೆದು ಹಾಕುವುದು ನಮ್ಮಲ್ಲಿ ತುಂಬಾ ಸುಲಭದ ದಯೆಯಾಗಿಬಿಟ್ಟಿದೆ. ಅದು ಹಸಿವನ್ನು ಒಂದು ಗಳಿಗೆ ಮರೆಸುತ್ತದೆ, ಹೊಟ್ಟೆಯಲ್ಲಿರುವ ಮರಿಗಳಿಗೆ ಅದರಿಂದ ದಕ್ಕುವುದು ಅಷ್ಟಕ್ಕಷ್ಟೆ.

ದಯೆ ಹೆಚ್ಚಾಗಿ ಕೆಡುಕಾಗುವ ಒಂದು ಸಂಗತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅದು ನಡೆಯುವುದು ನಾಯಿಯನ್ನು ಮನೆಮಗಳಂತೆ ಸಾಕುವವರ ಮನೆಯಲ್ಲಿ. ಬಸುರಿಗೆ ಕ್ಯಾಲ್ಸಿಯಂ ಬೇಕು ಎಂಬುದು ನಮಗೆಲ್ಲ ಗೊತ್ತು. ಹಾಗಾಗಿ ಮನೆಯ ಪಾಮರೇನಿಯನ್‌ಗೆ ಹೊಟ್ಟೆ ಬಂದಿದೆ ಎಂದು ತಿಳಿದ ದಿನದಿಂದಲೇ ಮೆಡಿಕಲ್ ಶಾಪಿನಿಂದ ಸಿರಪ್ ತಂದು ಕುಡಿಸುತ್ತಾರೆ. ತಾಯಿಯ ದೇಹಕ್ಕೆ ತನ್ನ ಮೂಳೆಯಿಂದ ಕ್ಯಾಲ್ಸಿಯಂ ತೆಗೆದು ರಕ್ತಕ್ಕೆ ಬಿಡುವ ಏರ್ಪಾಡೊಂದು ಇದೆ. ಹೊರಗಿನಿಂದ ಧಾರಾಳವಾಗಿ ಬರುತ್ತಿದ್ದರೆ ಆ ಏರ್ಪಾಡು ಜಡವಾಗುತ್ತದೆ. ಮರಿ ಹಾಕಿದ ಮೇಲೆ ಹಾಲಿನ ಮೂಲಕ ಕ್ಯಾಲ್ಸಿಯಂ ಒಮ್ಮೆಲೇ ಹೊರಹೋಗತೊಡಗಿದಾಗ ಅದು ಬೇಗ ಎಚ್ಚೆತ್ತುಕೊಳ್ಳುವುದಿಲ್ಲ. ಆಗ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದು, ತಾಯಿ ನಡುಗುತ್ತದೆ, ಕಾಲು ಸೆಟೆದುಕೊಳ್ಳುತ್ತವೆ, ಮೈ ಕೆಂಡವಾಗುತ್ತದೆ, ಫಿಟ್ಸ್ ಬರುತ್ತದೆ. ಚಿಕ್ಕ ಮೈಯ, ಹೆಚ್ಚು ಮರಿ ಹಾಕಿದ ನಾಯಿಗಳಲ್ಲಿ, ಹೆರಿಗೆಯಾದ ಮೊದಲ ಕೆಲವು ವಾರಗಳಲ್ಲಿ ಇದು ಹೆಚ್ಚು. ಕೂಡಲೇ ಪಶುವೈದ್ಯರ ಬಳಿ ಒಯ್ಯದಿದ್ದರೆ ಜೀವ ಹೋಗುತ್ತದೆ. ಪ್ರೀತಿಯಿಂದ ಕುಡಿಸಿದ ಸಿರಪ್ಪೇ ಇಲ್ಲಿ ದಾರಿ ಮಾಡಿಕೊಟ್ಟಿರುತ್ತದೆ. ವೈದ್ಯರನ್ನು ಕೇಳದೆ ಬಸುರಿ ನಾಯಿಗೆ ಕ್ಯಾಲ್ಸಿಯಂ ಆಗಲೀ, ನಾವು ನುಂಗುವ ನೋವಿನ ಮಾತ್ರೆಯಾಗಲೀ, ಹೆರಿಗೆ ಬೇಗ ಆಗಲೆಂದು ಇಂಜೆಕ್ಷನ್ ಆಗಲೀ ಕೊಡಲೇಬಾರದು.

ಆರೈಕೆ ಮಾಡುವವರ ಮನಸ್ಸಿನಲ್ಲಿ ಏನಾದರೂ ಮಾಡುತ್ತಲೇ ಇರಬೇಕೆಂಬ ಚಡಪಡಿಕೆ ಇರುತ್ತದೆ. ಸ್ನಾನ ಮಾಡಿಸೋಣ, ಹೊಟ್ಟೆ ಮುಟ್ಟಿ ನೋಡೋಣ, ಇನ್ನೂ ಒಳ್ಳೆಯ ಜಾಗಕ್ಕೆ ಸಾಗಿಸೋಣ, ಫೋಟೊ ತೆಗೆಯೋಣ. ನಮ್ಮ ಅಕ್ಕರೆಗೆ ಒಂದು ರೂಪ ಬೇಕು, ಅದು ಕಣ್ಣಿಗೆ ಕಾಣಬೇಕು ಎನ್ನಿಸುತ್ತದೆ. ದಿನ ತುಂಬಿದ ನಾಯಿ ಅದನ್ನು ಕೇಳುವುದಿಲ್ಲ. ಅದಕ್ಕೆ ಬೇಕಾದದ್ದು ತಾನೇ ಆರಿಸಿಕೊಂಡ ಜಾಗದಲ್ಲಿ ತನ್ನ ಪಾಡಿಗೆ ಇರುವ ಅವಕಾಶ. ಅದರ ಬೇಡಿಕೆಯ ಮುಂದೆ ನಮ್ಮ ಬಯಕೆಯನ್ನು ಹಿಂದಕ್ಕೆ ಸರಿಸುವುದು ಎಷ್ಟು ಕಷ್ಟ ಎನ್ನುವುದು ಹತ್ತಿರದಿಂದ ಮಾಡಿದವರಿಗೇ ಗೊತ್ತು. ನನ್ನ ಮಟ್ಟಿಗೆ ಕರುಣೆಯ ಕಷ್ಟದ ಭಾಗ ಕೊಡುವುದಲ್ಲ, ಕೊಟ್ಟು ದೂರ ನಿಲ್ಲುವುದು.

ದೂರ ನಿಲ್ಲುವುದೆಂದರೆ ಕಣ್ಣು ಮುಚ್ಚುವುದಲ್ಲ. ಮನೆಯ ನಾಯಿಯಾದರೆ ಕೊನೆಯ ವಾರ ದಿನಕ್ಕೆರಡು ಸಲ ಗುದದಲ್ಲಿ ಥರ್ಮಾಮೀಟರ್ ಇಟ್ಟು ನೋಡಬಹುದು. ಸಾಮಾನ್ಯವಾಗಿ 101–102 ಡಿಗ್ರಿ ಫ್ಯಾರನ್‌ಹೀಟ್ ಇರುವ ಮೈಶಾಖ 99ಕ್ಕಿಂತ ಕೆಳಗಿಳಿದರೆ ಬಹುತೇಕ ಒಂದು ದಿನದೊಳಗೆ ಹೆರಿಗೆ. ಬೀದಿನಾಯಿಯಲ್ಲಿ ಅದು ಸಾಧ್ಯವಿಲ್ಲ, ನೋಡಿಯೇ ತಿಳಿಯಬೇಕು. ಅನ್ನ ಮುಟ್ಟುವುದಿಲ್ಲ, ಏದುಸಿರು ಬಿಡುತ್ತದೆ, ನಡುಗುತ್ತದೆ, ತಿರುತಿರುಗಿ ತನ್ನ ಹಿಂಭಾಗವನ್ನು ನೋಡಿಕೊಳ್ಳುತ್ತದೆ. ಈ ಹಂತ ಆರರಿಂದ ಹನ್ನೆರಡು ಗಂಟೆ, ಕೆಲವೊಮ್ಮೆ ಒಂದು ಪೂರ್ತಿ ದಿನವೂ ಇರಬಹುದು. ಆಮೇಲೆ ಮೈಯೆಲ್ಲ ಬಿಗಿಹಿಡಿದು ಮುಕ್ಕುವುದು ಶುರುವಾಗುತ್ತದೆ.

ಕೆಂಪಿ ಮೊದಲ ಮರಿ ಹಾಕಿದ್ದು ಬೆಳಗಿನ ಜಾವ. ವಾಚ್‌ಮನ್ನರ ಹೆಂಡತಿ ಬಂದು, “ಬರ್ರೀ ಅಕ್ಕಾರ, ದೂರ ನಿಂತು ನೋಡ್ರಿ” ಎಂದು ಕರೆದರು. ತೆಳ್ಳನೆಯ ಪೊರೆಯೊಳಗೆ ಒದ್ದೆಯಾದ ಕಪ್ಪು ಮುದ್ದೆಯೊಂದು ಗೋಣಿಯ ಮೇಲೆ ಬಿದ್ದಿತ್ತು. ಕೆಂಪಿ ಕತ್ತು ತಿರುಗಿಸಿ ಹಲ್ಲಿನ ತುದಿಯಿಂದ ಪೊರೆ ಹರಿಯಿತು, ಹೊಕ್ಕುಳಬಳ್ಳಿ ಕಡಿಯಿತು, ಆಮೇಲೆ ನೆಕ್ಕತೊಡಗಿತು. ಅದು ಮೃದುವಾದ ನೆಕ್ಕುವಿಕೆಯಲ್ಲ. ಮರಿ ಮಗುಚಿ ಬೀಳುವಷ್ಟು ಬಿರುಸು. ನೋಡುವವರಿಗೆ ಎಲ್ಲಿ ಪೆಟ್ಟಾಗುತ್ತದೋ ಎನ್ನಿಸಿತು, ಆದರೆ ಆ ಬಿರುಸಿನಿಂದಲೇ ಮರಿಯ ಮೂಗು ಬಾಯಿಯ ಲೋಳೆ ಹೋಗಿ ಮೊದಲ ಉಸಿರು ಬರುವುದು. ಮರಿ ಕೀಂ ಎಂದಿತು. ಕೆಂಪಿ ಅದನ್ನು ಮೂತಿಯಿಂದ ಮೊಲೆಯ ಕಡೆಗೆ ತಳ್ಳಿ, ಕಸವನ್ನು ತಿಂದು, ಮತ್ತೆ ಏದುಸಿರು ಬಿಡುತ್ತಾ ಮುಂದಿನದಕ್ಕೆ ಅಣಿಯಾಯಿತು. ಯಾರೂ ಹೇಳಿಕೊಟ್ಟದ್ದಲ್ಲ. ಸೂಲಗಿತ್ತಿಯ ಕೆಲಸವೂ ಅದರದೇ, ಬಾಣಂತಿಯ ಪಾಡೂ ಅದರದೇ.

ಬಾಲದ ಕಡೆಯಿಂದ ಮರಿ ಬಂದರೆ ಗಾಬರಿಯಾಗಬೇಕಿಲ್ಲ, ನಾಯಿಗಳಲ್ಲಿ ಅದು ಸಾಮಾನ್ಯ. ಗಾಬರಿಯಾಗಬೇಕಾದ್ದು ಬೇರೆ ಇದೆ. ಅರ್ಧ ಗಂಟೆ ಜೋರಾಗಿ ಮುಕ್ಕಿದರೂ ಮರಿ ಬಾರದಿದ್ದರೆ, ಒಳಗೆ ಇನ್ನೂ ಮರಿಗಳಿದ್ದು ಎರಡು ಗಂಟೆ ದಾಟಿದರೂ ಮುಂದಿನದು ಬಾರದಿದ್ದರೆ, ಮೊದಲ ಮರಿಗೂ ಮುನ್ನವೇ ಕಡುಹಸಿರು ಸ್ರಾವ ಕಂಡರೆ ಕೈಹಾಕಿ ಎಳೆಯದೆ ಪಶುವೈದ್ಯರನ್ನು ಕರೆಯಬೇಕು. ಹೆರಿಗೆಗೆ ಒಂದು ವಾರ ಮೊದಲೇ ಹತ್ತಿರದ ಪಶು ಆಸ್ಪತ್ರೆಯ ನಂಬರು, ರಾತ್ರಿ ಬರಬಲ್ಲ ಆಟೊದವರ ನಂಬರು ಬರೆದಿಟ್ಟುಕೊಂಡವರೇ ನಿಜವಾಗಿ ತಯಾರಿರುವವರು.

ಹುಟ್ಟಿದ ಮರಿಗೆ ಕಣ್ಣಿಲ್ಲ, ಕಿವಿಯಿಲ್ಲ, ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳುವ ಶಕ್ತಿಯೂ ಇಲ್ಲ. ಕಣ್ಣು ಬಿಡಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಅಲ್ಲಿಯವರೆಗೆ ಅದರ ಪ್ರಪಂಚವೆಲ್ಲ ತಾಯಿಯ ಹೊಟ್ಟೆಯ ಬಿಸಿ. ತಾಯಿ ನೆಕ್ಕದಿದ್ದರೆ ಮರಿ ಉಚ್ಚೆ ಕೂಡ ಹೊಯ್ಯಲಾರದು. ಮೊದಲ ದಿನದ ಗಿಣ್ಣುಹಾಲಿನಿಂದಲೇ ಅದಕ್ಕೆ ರೋಗ ತಡೆಯುವ ಬಲ ಬರುವುದು. ಹೀಗಿರುವಾಗ “ಪಾಪ, ಚಳಿ” ಎಂದು ಮರಿಯನ್ನು ಎತ್ತಿಕೊಂಡು ಹೋಗಿ ಹಸುವಿನ ಹಾಲು ಕುಡಿಸುವವರು ಒಳ್ಳೆಯ ಮನಸ್ಸಿನಿಂದಲೇ ಅದನ್ನು ಸಾವಿಗೆ ಹತ್ತಿರ ಒಯ್ಯುತ್ತಾರೆ. ಗೋಣಿಯನ್ನು ಬದಲಿಸಿ, ಗಾಳಿಗೆ ಮರೆ ಕಟ್ಟಿ, ತಾಯಿಗೆ ಮೊದಲಿನ ಎರಡು ಮೂರು ಪಟ್ಟು ಊಟ ಹಾಕಿ. ತಾಯಿ ಉಂಡರೆ ಮರಿ ಉಂಡಂತೆ.

ಮಹಾಭಾರತದ ಕೊನೆಯಲ್ಲಿ ಧರ್ಮರಾಯನ ಹಿಂದೆ ನಡೆದ ನಾಯಿ ಎಲ್ಲರಿಗೂ ಗೊತ್ತು. ಅದೇ ಮಹಾಭಾರತದ ಆದಿಪರ್ವದಲ್ಲಿ, ಪಾಂಡವರ ಕತೆ ಶುರುವಾಗುವುದಕ್ಕೂ ಎಷ್ಟೋ ಮೊದಲು, ಒಂದು ತಾಯಿನಾಯಿ ಬರುತ್ತದೆ. ಕುರುಕ್ಷೇತ್ರದಲ್ಲಿ ಅರಸ ಜನಮೇಜಯ ದೀರ್ಘಸತ್ರವೆಂಬ ಬಹುಕಾಲದ ಯಜ್ಞದಲ್ಲಿ ಕೂತಿದ್ದಾನೆ. ದೇವತೆಗಳ ನಾಯಿ ಸರಮೆಯ ಮರಿ ಅಲ್ಲಿಗೆ ಬರುತ್ತದೆ, ಅರಸನ ತಮ್ಮಂದಿರು ಅದನ್ನು ಹೊಡೆದು ಓಡಿಸುತ್ತಾರೆ. ಅಳುತ್ತ ಬಂದ ಮಗನಿಗೆ ಸರಮೆ ಮೊದಲು ಹೇಳುವುದು, ನೀನೇ ಏನೋ ತಪ್ಪು ಮಾಡಿರಬೇಕು ಎಂದು. ಹವಿಸ್ಸನ್ನು ನೆಕ್ಕಲಿಲ್ಲ, ಕಣ್ಣೆತ್ತಿ ನೋಡಲೂ ಇಲ್ಲ ಎನ್ನುತ್ತದೆ ಮರಿ. ಆಮೇಲಷ್ಟೇ ಅವಳು ಯಜ್ಞಶಾಲೆಗೆ ಹೋಗಿ, ತಪ್ಪಿಲ್ಲದ ನನ್ನ ಮಗನನ್ನು ಏಕೆ ಹೊಡೆದಿರಿ ಎಂದು ಕೇಳುವುದು. ಅವರು ಉತ್ತರ ಕೊಡುವುದಿಲ್ಲ. ಕಾಣದ ಭಯವೊಂದು ನಿಮ್ಮ ಮೇಲೆ ಬರಲಿ ಎಂದು ಶಪಿಸಿ ಅವಳು ಹೋಗುತ್ತಾಳೆ. ಅರಸ ನಡುಗಿಹೋಗುತ್ತಾನೆ, ಆ ಶಾಪ ನಿವಾರಿಸಬಲ್ಲ ಪುರೋಹಿತನನ್ನು ಹುಡುಕಿಕೊಂಡು ಅಲೆಯುತ್ತಾನೆ.

ಈ ಕತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಶಾಪವಲ್ಲ. ಸರಮೆ ಎಷ್ಟು ನ್ಯಾಯವಂತೆ ನೋಡಿ, ತನ್ನ ಕರುಳಿನ ಕುಡಿಯನ್ನೇ ಮೊದಲು ವಿಚಾರಿಸುತ್ತಾಳೆ. ಯಜ್ಞದಲ್ಲಿ ಕೂತ ರಾಜಮನೆತನದವರಿಗೆ ಅಷ್ಟು ಮಾಡಲೂ ಆಗಲಿಲ್ಲ, ನಾಯಿ ಎಂದು ಕಂಡ ತಕ್ಷಣ ಕೈ ಎತ್ತಿದರು. ಮಲಗಿದ್ದ ಬಸುರಿ ನಾಯಿಯ ಮೇಲೆ ಬಿಸಿನೀರು ಎರಚುವವರನ್ನು ನೋಡಿದಾಗಲೆಲ್ಲ ನನಗೆ ಅದೇ ಪ್ರಶ್ನೆ ಕೇಳಬೇಕೆನ್ನಿಸುತ್ತದೆ. ಅದು ಏನು ಮಾಡಿತ್ತು?

ಹಾಗೆಂದು ನಾಯಿಗೆ ಹೆದರುವವರನ್ನು ಕ್ರೂರಿಗಳೆಂದು ಬಗೆಯುವುದೂ ನ್ಯಾಯವಲ್ಲ. ಅವರ ಭಯಕ್ಕೆ ಕಾರಣವಿದೆ. ಮರಿ ಹಾಕಿದ ನಾಯಿ ಮೊದಲ ವಾರಗಳಲ್ಲಿ ಹತ್ತಿರ ಬಂದವರ ಮೇಲೆ ಎರಗುತ್ತದೆ. ಶಾಲೆಯ ಚೀಲ ಹೊತ್ತು ಓಡುವ ಮಗುವಿಗೂ ಮರಿ ಕದಿಯಲು ಬಂದವನಿಗೂ ಅದು ವ್ಯತ್ಯಾಸ ಮಾಡಲಾರದು. ರೇಬೀಸ್ ಬಂದರೆ ಉಳಿಯುವ ದಾರಿಯಿಲ್ಲ. ಕಚ್ಚಿಸಿಕೊಂಡವರು ಕೂಡಲೇ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಿಸಬೇಕು. ನಾಯಿಯನ್ನು ಪ್ರೀತಿಸುತ್ತೇವೆ ಎನ್ನುವವರಿಗೆ ಪಕ್ಕದ ಮನೆಯ ಮಗುವಿನ ಮೇಲೂ ಅಷ್ಟೇ ಕಾಳಜಿ ಇರಬೇಕು. ಮರಿ ಹಾಕಿದ ಮೂಲೆಯ ಮುಂದೆ ಒಂದು ಹಲಗೆ ಅಡ್ಡ ಇಡುವುದು, ನಾಲ್ಕು ವಾರ ಮಕ್ಕಳು ಆ ಕಡೆ ಹೋಗದಂತೆ ಮನೆಮನೆಗೆ ಹೇಳಿ ಬರುವುದು, ಊಟವನ್ನು ದಾರಿಯ ನಡುವೆ ಹಾಕದಿರುವುದು ಇವೆಲ್ಲ ಆರೈಕೆಯ ಭಾಗವೇ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳೂ ಊಟ ಹಾಕುವ ಜಾಗ ಮಕ್ಕಳು ಆಡುವ ಕಡೆಯಿಂದ, ಮೆಟ್ಟಿಲು ಮತ್ತು ಕಟ್ಟಡದ ಬಾಗಿಲುಗಳಿಂದ ದೂರವಿರಬೇಕು ಎನ್ನುತ್ತವೆ. ಬೀದಿಗೆ ಬೀದಿಯೇ ಎರಡು ಪಾಳೆಯವಾಗಿ ಜಗಳಾಡುವ ಕಡೆ ಮೊದಲು ಸಾಯುವುದು ಮರಿಗಳು.

ಮರಿಗಳಿಗೆ ನಾಲ್ಕೈದು ವಾರವಾಗಿ, ದುಂಡಗೆ ಓಡಾಡತೊಡಗಿದಾಗ ಬೀದಿಗೆಲ್ಲ ಪ್ರೀತಿ ಉಕ್ಕುತ್ತದೆ. ಗಂಡು ಮರಿಗಳಿಗೆ ಗಿರಾಕಿಗಳು ಬರುತ್ತಾರೆ. ಎತ್ತಿ ನೋಡಿ, ಹೆಣ್ಣೆಂದು ಗೊತ್ತಾದ ಕೂಡಲೇ ಕೆಳಗಿಟ್ಟು ಹೋಗುತ್ತಾರೆ. ಉಳಿದ ಹೆಣ್ಣು ಮರಿಗಳನ್ನು ಚೀಲದಲ್ಲಿ ಹಾಕಿ ಸಂತೆಯ ಹತ್ತಿರವೋ ಹೆದ್ದಾರಿಯ ಅಂಚಿನಲ್ಲೋ ಬಿಟ್ಟು ಬರುವವರು ನಮ್ಮ ಊರುಗಳಲ್ಲಿ ಕಡಿಮೆಯಿಲ್ಲ. ಹೆಣ್ಣೆಂಬ ಒಂದೇ ಕಾರಣಕ್ಕೆ. ಇದನ್ನು ಬರೆಯುವಾಗ ಕೈ ಭಾರವಾಗುತ್ತದೆ, ಏಕೆಂದರೆ ಈ ಲೆಕ್ಕಾಚಾರ ನಾವು ನಾಯಿಗಳಿಗಷ್ಟೇ ಹಾಕಿದ್ದಲ್ಲ.

ಹೆರಿಗೆಯ ಹೊತ್ತಿನಲ್ಲಿ ಗೋಣಿ ಹಾಸಿದವರ ಹೊಣೆ ಮರಿ ಹಾಲು ಬಿಟ್ಟ ಮಾತ್ರಕ್ಕೆ ಮುಗಿಯುವುದಿಲ್ಲ. ಆರೇಳು ತಿಂಗಳಲ್ಲಿ ತಾಯಿ ಮತ್ತೆ ಬೆದೆಗೆ ಬರಬಹುದು, ಮತ್ತೆ ಅದೇ ಅಲೆದಾಟ, ಅದೇ ಪೊರಕೆ, ಐದರಲ್ಲಿ ನಾಲ್ಕು ಮರಿಗಳ ಅದೇ ಸಾವು. ಆ ಸುತ್ತನ್ನು ನಿಲ್ಲಿಸಲು ನಮ್ಮಲ್ಲಿರುವ ನೇರ ದಾರಿ ಸಂತಾನಹರಣ ಚಿಕಿತ್ಸೆ ಮತ್ತು ರೇಬೀಸ್ ಲಸಿಕೆ. ಕಿವಿಯ ತುದಿ ಕತ್ತರಿಸಿದ ಗುರುತಿರುವ ನಾಯಿಯೆಂದರೆ ಅದು ಮಾಡಿಸಿಕೊಂಡು ಬಂದದ್ದು. ಮರಿಗಳು ಹಾಲು ಬಿಟ್ಟು, ಮೊಲೆ ಬತ್ತಿದ ಮೇಲೆ ಯಾವಾಗ ಮಾಡಿಸಬಹುದೆಂದು ಪಶುವೈದ್ಯರು ನೋಡಿ ಹೇಳುತ್ತಾರೆ. ಕೆಂಪಿಯನ್ನು ಒಯ್ಯುವ ದಿನ ಆಟೊದ ಬಾಡಿಗೆಗೆ ಬೀದಿಯ ಮನೆಗಳು ಹತ್ತಿಪ್ಪತ್ತು ರೂಪಾಯಿ ಸೇರಿಸಿಕೊಟ್ಟವು, ಒಂದು ಕಾಲಕ್ಕೆ ನೀರು ಎರಚಿದ ಮನೆಯೂ ಕೊಟ್ಟಿತು.

ಈ ವಾರ ನಿಮ್ಮ ಬೀದಿಯಲ್ಲಿ ದಿನ ತುಂಬಿದ ನಾಯಿಯೊಂದು ಮೂಲೆ ಹುಡುಕುತ್ತಿದ್ದರೆ, ಓಡಿಸುವವರ ಜೊತೆ ಜಗಳಕ್ಕೆ ನಿಲ್ಲಬೇಡಿ. ಒಂದು ಒಣ ಗೋಣಿ, ಒಂದು ಬಟ್ಟಲು ನೀರು ಇಟ್ಟು, “ಎರಡು ತಿಂಗಳು ಇರಲಿ ಬಿಡಿ, ಆಮೇಲೆ ಆಪರೇಷನ್ನಿಗೆ ನಾನೇ ಒಯ್ಯುತ್ತೇನೆ” ಎಂದು ಅಕ್ಕಪಕ್ಕದವರಿಗೆ ಮಾತು ಕೊಡಿ. ಕೊಟ್ಟ ಮಾತನ್ನು ಎರಡು ತಿಂಗಳಾದ ಮೇಲೆ ನಡೆಸಿ.